ಕೆಂಪು ಗೆರೆ ಯಾರದು?

ಅಕ್ಕನ ಮಗ ಇಲ್ಲೇ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹುಬ್ಬಳ್ಳಿಯಿಂದ ಬಂದು ಮೂರು ವರ್ಷವಾಯಿತು. ಈಚೆಗೆ ಇಬ್ಬರು ಗೆಳೆಯರ ಜೊತೆ ಸೇರಿ ಹಳೆಯದೊಂದು ಪೆಟ್ರೋಲ್ ಕಾರು ಕೊಂಡಿದ್ದಾನೆ. ಹೋದ ಭಾನುವಾರ ಊಟಕ್ಕೆ ಬಂದವನು ಕೇಳಿದ: "ಮಾಮಾ, ರೆವ್ ಲಿಮಿಟರ್ ತೆಗಸಬೇಕಂತ ಮಾಡೇನಿ. ಗ್ಯಾರೇಜಿನವ ಲ್ಯಾಪ್‌ಟಾಪ್ ಹಚ್ಚಿ ಒಂದು ಅಂಕಿ ತಿದ್ದತಾನಂತ, ಅಷ್ಟ. ಏನಾಗ್ತದ?"

ನಾನು ಎಂ.ಟೆಕ್. ಮಾಡಿದ್ದು ಮೆಕ್ಯಾನಿಕಲ್‌ನಲ್ಲಿ, ಅನ್ನ ತಿನ್ನುತ್ತಿರುವುದು ಸಾಫ್ಟ್‌ವೇರ್‌ನಲ್ಲಿ. ಹಳೆಯ ಓದಿನ ಬಗ್ಗೆ ಯಾರಾದರೂ ಕೇಳಿದರೆ ಊಟ ಆರಿದರೂ ಪರವಾಗಿಲ್ಲ ಎಂದು ಹೇಳಲು ಕೂರುತ್ತೇನೆ.

ಇಂಜಿನ್ 6500 ಆರ್‌ಪಿಎಂನಲ್ಲಿ ತಿರುಗುವಾಗ ಪ್ರತಿಯೊಂದು ಪಿಸ್ಟನ್ ಸೆಕೆಂಡಿಗೆ 108 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಎರಡೂ ತುದಿಯಲ್ಲಿ ಅದು ಪೂರ್ತಿ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡಬೇಕು. ಅದನ್ನು ಹಿಡಿದೆಳೆಯುವ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಬಲ ವೇಗದ ವರ್ಗದಂತೆ ಏರುತ್ತದೆ. 6500 ಅನ್ನು 7500 ಮಾಡಿದರೆ ವೇಗ ಹೆಚ್ಚುವುದು ಶೇ. 15ರಷ್ಟು, ಬಲ ಹೆಚ್ಚುವುದು ಶೇ. 33ರಷ್ಟು. ಅತ್ತ ವಾಲ್ವ್‌ಗಳನ್ನು ಮುಚ್ಚುವ ಸ್ಪ್ರಿಂಗ್‌ಗಳಿಗೂ ಒಂದು ಮಿತಿಯಿದೆ. ಅದು ಮೀರಿದರೆ ವಾಲ್ವ್ ಕ್ಯಾಮ್‌ನ ಹಿಂದೆ ಓಡಲಾರದೆ ತೇಲತೊಡಗುತ್ತದೆ, ಕೆಲವು ಇಂಜಿನ್‌ಗಳಲ್ಲಿ ಮೇಲೆ ಬರುವ ಪಿಸ್ಟನ್‌ಗೆ ಹೊಡೆಯುತ್ತದೆ. ಹಾಗಾಗದಂತೆ ಸ್ವಲ್ಪ ಮೊದಲೇ ಇಂಧನವನ್ನೋ ಕಿಡಿಯನ್ನೋ ಕತ್ತರಿಸುವುದು ಲಿಮಿಟರ್‌ನ ಕೆಲಸ. ಗ್ಯಾರೇಜಿನವನು ತಿದ್ದುವುದು ಅಂಕಿಯನ್ನು ಮಾತ್ರ. ಸ್ಪ್ರಿಂಗ್ ಹಳೆಯದೇ.

"ಹಂಗಾದ್ರ ಲಿಮಿಟ್ ಅಂದ್ರ ಹೆದರಿಕಿ," ಅಂದ ಹುಡುಗ. "ಹೆದರಿಕೊಂಡು ಕೂತವರು ಏನು ಮಾಡ್ಯಾರ?"

ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಿದ್ದರೆ ನಾನಾಗಲಿ ಇದನ್ನು ಓದುತ್ತಿರುವ ನೀವಾಗಲಿ ಊರು ಬಿಡುತ್ತಿರಲಿಲ್ಲ. ಹಾಸಿಗೆಯನ್ನು ದೊಡ್ಡದು ಮಾಡಿಕೊಳ್ಳಬಹುದು. ಫಾರ್ಮುಲಾ ಒನ್ ಇಂಜಿನ್‌ಗಳು ಹಾಗೇ ಮಾಡಿದವು: ಉಕ್ಕಿನ ಸ್ಪ್ರಿಂಗ್ ತೆಗೆದು ಒತ್ತಿದ ಗಾಳಿಯ ಸ್ಪ್ರಿಂಗ್ ಹಾಕಿದವು, ಆಮೇಲೆ ಆ ವೇಗಕ್ಕೆ ಏರಿದವು. ಅಲ್ಲಿಯೂ 2007ರಲ್ಲಿ 19,000, 2009ರಲ್ಲಿ 18,000 ಎಂದು ನಿಯಮವೇ ಮಿತಿ ಹಾಕಿತು. ಅಂದರೆ ಎಲ್ಲ ಮಿತಿಗಳೂ ಲೋಹ ಹಾಕಿದವಲ್ಲ, ಕೆಲವನ್ನು ಮನುಷ್ಯರು ಕೂತು ನಿರ್ಧರಿಸುತ್ತಾರೆ. ಮಿತಿ ಮೀರುವುದೇ ತಪ್ಪೆನ್ನಲಾರೆ. ಮೊದಲು ಏನನ್ನು ಬದಲಿಸಿದೆವು, ಮೀರಿದ್ದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದೇ ಪ್ರಶ್ನೆ.

ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಕಾರಣವಿದೆ.

ನಮ್ಮ ತಂಡದಲ್ಲಿ ಒಂದು ನಿಯಮವಿತ್ತು, ನಾನೇ ಮಾಡಿದ್ದು. ರಾತ್ರಿ ಕೂತವರು ಮರುದಿನ ಮಧ್ಯಾಹ್ನದವರೆಗೆ ಬರಕೂಡದು. ಸಾಲಾಗಿ ಎರಡು ವಾರಾಂತ್ಯ ಯಾರೂ ದುಡಿಯಕೂಡದು. ಒಂದು ರಿಲೀಸ್ ಹತ್ತಿರ ಬಂದಾಗ "ಇದೊಂದು ಸಲ" ಎಂದು ನಾನೇ ಅದನ್ನು ಸಡಿಲಿಸಿದೆ. ಒಂದು ಮೇಲ್, ಎರಡು ಸಾಲು. ಜನ ಅಷ್ಟೇ ಇದ್ದರು, ಕೆಲಸ ಹೆಚ್ಚಾಯಿತು. ಆರನೇ ವಾರ ತಂಡದ ಹುಡುಗನೊಬ್ಬ ಬೆಳಗಿನ ಜಾವ ಬೈಕಿನಲ್ಲಿ ಮನೆಗೆ ಹೋಗುವಾಗ ತೂಕಡಿಸಿ ಡಿವೈಡರ್‌ಗೆ ಹೊಡೆದ. ಕಾಲರ್‌ಬೋನ್ ಮುರಿಯಿತು. ನೋಡಲು ಹೋದರೆ ಅವನೇ "ಸಾರಿ ಸರ್, ರಿಲೀಸ್ ಟೈಮ್‌ನಲ್ಲಿ ಹೀಗಾಯ್ತು" ಎಂದ. ರಿಲೀಸ್ ಸಮಯಕ್ಕೆ ಸರಿಯಾಗಿ ಹೋಯಿತು. ನನಗೆ ಮೆಚ್ಚುಗೆಯ ಮೇಲ್ ಬಂತು.

ಆಕ್ಸಿಲರೇಟರ್ ಮೇಲೆ ಕಾಲಿಟ್ಟವನು ಸ್ಪ್ರಿಂಗ್ ಅಲ್ಲ. ಇದು ನನಗೆ ಅಂದು ಹೊಳೆದಿರಲಿಲ್ಲ. ನನ್ನ ನಿದ್ದೆಯನ್ನು ನಾನು ಸುಟ್ಟರೆ ಅದನ್ನು ಸಾಹಸ ಎನ್ನಬಹುದು, ಮೂರ್ಖತನ ಎನ್ನಲೂಬಹುದು. ಇನ್ನೊಬ್ಬನ ನಿದ್ದೆಯನ್ನು ಸುಟ್ಟು ಅದಕ್ಕೆ ನಮ್ಮ ತಂಡದ ಹುಮ್ಮಸ್ಸು ಎಂದು ಹೆಸರಿಟ್ಟರೆ? ಬಹುತೇಕ ಸಾಮಾನ್ಯ ಕಾರುಗಳಲ್ಲಿ ಶಕ್ತಿಯ ಶಿಖರ ಕೆಂಪು ಗೆರೆಗಿಂತ ಮೊದಲೇ ಮುಗಿದಿರುತ್ತದೆ. ಆಚೆ ಹೆಚ್ಚಾಗಿ ಸಿಗುವುದು ಸದ್ದು. ಆ ಆರು ವಾರಗಳ ಕೊನೆಯ ರಾತ್ರಿಗಳಲ್ಲಿ ಬರೆದ ಕೋಡನ್ನು ಮುಂದಿನ ತಿಂಗಳು ನಾವೇ ಕೂತು ತಿದ್ದಿದೆವು.

ಲಿಮಿಟರ್ ಇದ್ದರೆ ಸಾಕೆಂದೂ ಅಲ್ಲ. ವೇಗದಲ್ಲಿರುವಾಗ ನಾಲ್ಕನೇ ಗೇರ್‌ನಿಂದ ತಪ್ಪಿ ಎರಡಕ್ಕೆ ಹಾಕಿದರೆ ಚಕ್ರಗಳೇ ಇಂಜಿನ್ನನ್ನು ಕೆಂಪು ಗೆರೆಯಾಚೆ ತಿರುಗಿಸುತ್ತವೆ. ಆಗ ಇಂಧನ ಕತ್ತರಿಸಿ ಪ್ರಯೋಜನವಿಲ್ಲ, ಬಲ ಹೊರಗಿನಿಂದ ಬರುತ್ತಿರುತ್ತದೆ. ಒಪ್ಪಬಾರದ ತಾರೀಖಿಗೆ ಹೂಂ ಅಂದಮೇಲೆ ರಜೆಯ ನಿಯಮಗಳೂ ಹಾಗೆಯೇ. ಗೇರ್ ಹಾಕುವ ಕೈ ನನ್ನದು, ಆ ಹೂಂ ಅಂದವನೂ ನಾನೇ.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಒಂದೇ ಕೇಳಿದೆ: "ಕಾರು ಮೂರು ಮಂದಿದು. ಉಳಿದಿಬ್ಬರನ್ನ ಕೇಳಿಯೇನು?"

ತಟ್ಟೆ ನೋಡುತ್ತಾ "ಇಲ್ಲ" ಅಂದ.

"ಮೊದಲು ಅವರನ್ನ ಕೇಳು. ಆಮೇಲೆ ಸ್ಪ್ರಿಂಗಿನ ರೇಟು ಕೇಳು. ಅಂಕಿ ಕಡೀಕ."

ಅವನು ಏನು ಮಾಡುತ್ತಾನೋ ಗೊತ್ತಿಲ್ಲ. ಮುಂದಿನ ರಿಲೀಸ್‌ನ ತಾರೀಖು ಹೇಳೆಂದು ನನ್ನನ್ನೂ ಕೇಳಿದ್ದಾರೆ. ಇನ್ನೂ ಉತ್ತರಿಸಿಲ್ಲ. ಈ ಸಲ ಮೊದಲು ತಂಡದವರನ್ನು ಕೇಳಬೇಕು.