ಜೀರ್ಣೋದ್ಧಾರ ಮಾಡುವವನ ಹಕ್ಕು ಎಷ್ಟರ ಮಟ್ಟಿಗೆ?

ಬೀಳುತ್ತಿರುವ ಹಳೇ ದೇವಾಲಯವೊಂದನ್ನು ಒಬ್ಬನು ಸ್ವಂತ ಹಣದಿಂದ ಉದ್ಧರಿಸಿದರೆ, ಅದನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವ ಹಕ್ಕು ಅವನಿಗುಂಟೋ? ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಎಂಬ ಊರಿನ ದೇವಾಲಯದ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಸನ್ಯಾಸಿಗಳ ಮಠಕ್ಕೆ ಸೇರಿದ್ದ ಈ ದೇವಾಲಯವನ್ನು ಪೌಲನೆಂಬ ಮಠಾಧಿಪತಿಯು 1077ರಲ್ಲಿ ಕಟ್ಟಿಸಲಾರಂಭಿಸಿದನು. ಸಮೀಪದಲ್ಲಿ ಹಾಳುಬಿದ್ದಿದ್ದ ವೆರುಲಾಮಿಯಮ್ ಎಂಬ ರೋಮನರ ಪಟ್ಟಣದ ಇಟ್ಟಿಗೆಗಳನ್ನು ತಂದು ಅದರ ಗೋಪುರವನ್ನೆಬ್ಬಿಸಿದರು. 1539ರಲ್ಲಿ ಮಠವು ಮುಚ್ಚಲ್ಪಟ್ಟಿತು. 1553ರಲ್ಲಿ ಊರವರು 400 ಪೌಂಡು ತೆತ್ತು ದೇವಾಲಯವನ್ನು ತಮ್ಮ ಸಭೆಗೋಸ್ಕರ ಕೊಂಡುಕೊಂಡರು. ಆದರೆ ಅಷ್ಟು ದೊಡ್ಡ ಕಟ್ಟಡವನ್ನು ಸುಸ್ಥಿತಿಯಲ್ಲಿಡುವದು ಅವರ ಶಕ್ತಿಗೆ ಮೀರಿತ್ತು. 1870ರಲ್ಲಿ ಗೋಪುರವೇ ಬೀಳುವ ಹಾಗಾಗಲು, ಗಿಲ್ಬರ್ಟ್ ಸ್ಕಾಟ್ ಎಂಬ ಶಿಲ್ಪಶಾಸ್ತ್ರಜ್ಞನು ಮರದ ಆಧಾರಗಳನ್ನು ಕೊಟ್ಟು ಅದನ್ನು ಬಲಪಡಿಸಿದನು. ಅವನು 1878ರಲ್ಲಿ ಮೃತನಾದನು.

ಅನಂತರ ಎಡ್ಮಂಡ್ ಬೆಕೆಟ್ ಎಂಬ ಐಶ್ವರ್ಯವಂತನಾದ ವಕೀಲನು ಮುಂದೆ ಬಂದು, ಸ್ವಂತ ಖರ್ಚಿನಿಂದ ಕೆಲಸವನ್ನು ನಡಿಸುವೆನೆಂದನು. ಈತನೇ 1886ರಲ್ಲಿ ಲಾರ್ಡ್ ಗ್ರಿಮ್‌ಥಾರ್ಪ್ ಎಂಬ ಪದವಿಯನ್ನು ಹೊಂದಿದವನು. ಅವನು ಕಟ್ಟಡವನ್ನು ಕಾಪಾಡಿದ್ದು ನಿಜ. ಆದರೂ ಪಡುವಣ ಮುಂಭಾಗವನ್ನು ಕೆಡವಿ, ತಾನೇ ಯೋಚಿಸಿದ ರೀತಿಯಲ್ಲಿ ಹೊಸದಾಗಿ ಕಟ್ಟಿಸಿದನು. ಅಲ್ಲಿನ ಬಾಗಲಲ್ಲಿ ಕೆತ್ತಿಸಿದ ಸುವಾರ್ತಿಕನಾದ ಮತ್ತಾಯನ ವಿಗ್ರಹಕ್ಕೆ ಅವನ ಮುಖವೇ ಉಂಟು!

ಸನ್ಯಾಸಿಗಳು ಸಹ ರೋಮನರ ಇಟ್ಟಿಗೆಗಳನ್ನು ತೆಗೆದುಕೊಳ್ಳಲಿಲ್ಲವೋ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಅವರು ಹಾಳಾದದ್ದರಿಂದ ಹೊಸದನ್ನು ಕಟ್ಟಿ, ಹೊಸದೆಂದೇ ತೋರಿಸಿದರು. ನಿಂತಿದ್ದದ್ದನ್ನು ಕೆಡವಿ, ಅದಕ್ಕೆ ಜೀರ್ಣೋದ್ಧಾರವೆಂದು ಹೆಸರಿಡಲಿಲ್ಲ. ಇಂಥ ಕೆಲಸಗಳು ದೇಶದಲ್ಲೆಲ್ಲಾ ನಡೆಯುತ್ತಿರುವದನ್ನು ಕಂಡು, ವಿಲಿಯಮ್ ಮಾರಿಸ್ ಎಂಬವನು 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಸೋರುವ ಮಾಡನ್ನು ಮುಚ್ಚಿರಿ, ವಾಲಿದ ಗೋಡೆಗೆ ಆಧಾರ ಕೊಡಿರಿ, ಆದರೆ ಹಿರಿಯರ ಕೈಕೆಲಸವನ್ನು ಅಳಿಸಬೇಡಿರಿ ಎಂಬದೇ ಆ ಸಂಘದ ಬೋಧನೆಯ ಸಾರ.

ಬೆಕೆಟನ ಹಣವಿಲ್ಲದಿದ್ದರೆ ಆ ಗೋಡೆಗಳಿಗೆ ಏನಾಗುತ್ತಿತ್ತೋ ಎಂಬದನ್ನು ಮರೆತು ಅವನನ್ನು ನಿಂದಿಸುವದು ನ್ಯಾಯವಲ್ಲ. ಆದರೂ ದಾನವು ಬೇರೆ, ಕ್ರಯವು ಬೇರೆ. ಕೊಟ್ಟ ಹಣಕ್ಕೆ ಪ್ರತಿಯಾಗಿ ಯಜಮಾನತ್ವವನ್ನು ಕೇಳುವವನು ದಾನ ಮಾಡಲಿಲ್ಲ, ಕೊಂಡುಕೊಂಡನು. ಇಂಥ ಆಲಯವಾದರೋ ಕಟ್ಟಿದ ಸತ್ತವರಿಗೂ ಮುಂದೆ ಹುಟ್ಟುವವರಿಗೂ ಸೇರಿದ್ದಾಗಿದೆ. ಈಗ ಬದುಕಿರುವವರು ಅದರ ಮನೆವಾರ್ತೆಯವರು ಮಾತ್ರ. ನಂಬಿಗಸ್ತನಾದ ಮನೆವಾರ್ತೆಯವನು ದುರಸ್ತಿ ಮಾಡಿದ ಗೋಡೆಯಲ್ಲಿ ಕಟ್ಟಿದವನ ಕೈ ಕಾಣುವದೇ ಹೊರತು ಅವನ ಸ್ವಂತ ಮುಖವು ಕಾಣಬಾರದು.