ಮೊದಲ ಕತ್ತರಿ ಯಾರಿಗೆ?

ಕಷ್ಟಕಾಲದಲ್ಲಿ ಎಷ್ಟು ಖರ್ಚು ಕಡಿಮೆ ಮಾಡಬೇಕು ಎಂಬುದು ಲೆಕ್ಕದ ಪ್ರಶ್ನೆ. ಯಾರದನ್ನು ಮೊದಲು ಕಡಿಮೆ ಮಾಡಬೇಕು ಎಂಬುದು ಧರ್ಮದ ಪ್ರಶ್ನೆ. ಸಾಮಾನ್ಯವಾಗಿ ನಾವು ಮೊದಲನೆಯದಕ್ಕೆ ಉತ್ತರ ಹುಡುಕಿ, ಎರಡನೆಯದಕ್ಕೂ ಉತ್ತರ ಸಿಕ್ಕಿತೆಂದುಕೊಂಡು ಸುಮ್ಮನಾಗುತ್ತೇವೆ.

ವಿಮಾನ ಕಂಪನಿಗಳ ಕಥೆಯನ್ನೇ ನೋಡಿ. ಮೂಡಿಗೆರೆ, ಕಳಸದ ಕಡೆಯ ನಮಗೂ ವಿಮಾನಕ್ಕೂ ಏನು ಸಂಬಂಧ ಎನ್ನಬೇಡಿ. ಇಂಧನದ ಬೆಲೆ ಏರಿದರೆ ಅವರು ನಲುಗುತ್ತಾರೆ. ಬ್ರೆಜಿಲ್ಲಿನಲ್ಲಿ ಫಸಲು ಚೆನ್ನಾಗಿ ಬಂದರೆ ನಮ್ಮ ಮುಖ ಬಾಡುತ್ತದೆ. ಎಲ್ಲೋ ದೂರದಲ್ಲಿ ಬೆಲೆ ನಿಗದಿಯಾಗುವ ಎರಡೂ ಕಸುಬುಗಳಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಖರ್ಚೊಂದೇ.

1980ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಕ್ರಾಂಡಲ್ ಪ್ರಯಾಣಿಕರ ಸಲಾಡಿನಿಂದ ಒಂದೊಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ 40,000 ಡಾಲರ್ ಉಳಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಪಾಯಸಕ್ಕೆ ನಾಲ್ಕು ದ್ರಾಕ್ಷಿ ಕಡಿಮೆ ಹಾಕಿದ ಹಾಗೆ, ಯಾರಿಗೂ ನೋವಿಲ್ಲ. ಕಷ್ಟ ಶುರುವಾಗುವುದು ತೆಗೆಯಲು ಆಲಿವ್ ಕಾಯಿಗಳು ಉಳಿಯದೆ ಹೋದಾಗ.

ನಮ್ಮ ನೆರೆಯ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಆ ವಿಮಾನದಲ್ಲಿ ಪುಕ್ಕಟೆ ಊಟವಿರಲಿಲ್ಲ, ನೀರಿಗೂ ದುಡ್ಡು ಕೊಡಬೇಕಿತ್ತು. ಆದರೆ ಅದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಟಿಕೆಟ್ ಅಗ್ಗ, ಆದ್ದರಿಂದ ಉಪಚಾರವಿಲ್ಲ ಎಂದು ಮೊದಲೇ ಹೇಳಿದ್ದರು. ಬುತ್ತಿ ಕಟ್ಟಿಕೊಂಡು ಬಂದವರಿಗೆ ಅವಮಾನವೇನೂ ಆಗಲಿಲ್ಲ. ಹೇಳಿ ಮಾಡಿದ ಮಿತವ್ಯಯಕ್ಕೆ ಒಂದು ಮರ್ಯಾದೆಯಿದೆ.

2005ರಲ್ಲಿ ವಿಜಯ್ ಮಲ್ಯರ ಕಿಂಗ್‌ಫಿಷರ್ ಹಾರಿತು. ಸೀಟಿಗೊಂದು ಟಿವಿ, ಬಿಸಿ ಊಟ. ನೀವು ನನ್ನ ಮನೆಯ ಅತಿಥಿಗಳು ಎಂಬರ್ಥದ ಮಾತನ್ನು ಮಾಲೀಕರೇ ಪರದೆಯ ಮೇಲೆ ಬಂದು ಹೇಳುತ್ತಿದ್ದರು. ಏರ್ ಡೆಕ್ಕನ್ನೂ 2008ರಲ್ಲಿ ಅದರೊಳಗೆ ಸೇರಿಹೋಯಿತು. ಅದೇ ವರ್ಷ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ದಾಟಿತು. ಸಾಲ ಬೆಳೆಯುತ್ತಾ ಹೋಗಿ 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತಾಗ ನೌಕರರಿಗೆ ಸುಮಾರು ಏಳು ತಿಂಗಳ ಸಂಬಳ ಬಾಕಿಯಿತ್ತು. ಹಜಾರದಲ್ಲಿ ಅತಿಥಿಗೆ ಬೆಳ್ಳಿ ತಟ್ಟೆ, ಹಿತ್ತಿಲಲ್ಲಿ ಪಾತ್ರೆ ತೊಳೆಯುವವಳಿಗೆ ಸಂಬಳವಿಲ್ಲ. ಇಂಥ ಮನೆಯನ್ನು ನಾವು ಏನೆಂದು ಕರೆಯುತ್ತೇವೆ? ನಷ್ಟ ಪಾಪವಲ್ಲ, ಅದು ಯಾರಿಗೂ ಬರಬಹುದು. ಆ ನಷ್ಟವನ್ನು ಕೇಳಲಾರದವರ ತಲೆಯ ಮೇಲೆ ಹೊರಿಸಿ ಅಂದಚೆಂದ ಉಳಿಸಿಕೊಳ್ಳಲು ನೋಡುವುದು ತಪ್ಪು.

ಕಾಫಿ ಸೀಮೆಯೂ ಇಂಥ ಪರೀಕ್ಷೆ ಎದುರಿಸಿದೆ. 1994ರಲ್ಲಿ ಬ್ರೆಜಿಲ್ಲಿನ ಗಿಡಗಳಿಗೆ ಹಿಮ ಬಡಿದು ನಮ್ಮ ಕಾಫಿಗೆ ಬಂಗಾರದ ಬೆಲೆ ಬಂತು. 2001-02ರ ಹೊತ್ತಿಗೆ ಅದೇ ಬೆಲೆ ಹಲವು ದಶಕಗಳಲ್ಲಿ ಕಾಣದಷ್ಟು ಕೆಳಕ್ಕೆ ಬಿತ್ತು. ಬೆಲೆ ಬಿದ್ದಾಗ ತೋಟದಲ್ಲಿ ಗೊಬ್ಬರ ನಿಲ್ಲುತ್ತದೆ, ಮರಗಸಿ ಮುಂದಕ್ಕೆ ಹೋಗುತ್ತದೆ. ಬೋರರ್ ಹಿಡಿದ ಗಿಡ ಹುಡುಕಿ ಕಿತ್ತು ಸುಡುವ ಆಳಿನ ಖರ್ಚು ಉಳಿಸಿದರೆ ಹುಳು ಪಕ್ಕದ ಗಿಡಕ್ಕೂ ಹೋಗುತ್ತದೆ. ಲೈನ್ ಮನೆಯ ಒಡೆದ ಹೆಂಚು ಮುಂದಿನ ಮಳೆಗಾಲಕ್ಕೂ ಹಾಗೆಯೇ ಇರುತ್ತದೆ, ಹೆಣ್ಣಾಳುಗಳಿಗೆ ವಾರದಲ್ಲಿ ಎರಡು ದಿನ ಕೆಲಸ ತಪ್ಪುತ್ತದೆ. ಸಣ್ಣ ಬೆಳೆಗಾರನಿಗೆ ಬೇರೆ ದಾರಿಯಿಲ್ಲದಿರಬಹುದು. ತೋಟವೇ ಹೋದರೆ ಯಾರಿಗೂ ಕೂಲಿಯಿಲ್ಲ. ಆ ಮಾತು ನಿಜ. ಆದರೆ ಹೆಂಚಿಗಿಂತ ಮೊದಲು ನಿಲ್ಲಿಸಬಹುದಾದ ಖರ್ಚು ತನ್ನ ಮನೆಯಲ್ಲೇ ಇತ್ತೇ ಎಂದು ಅವನು ಕೇಳಿಕೊಳ್ಳಬೇಕಲ್ಲವೇ?

2020ರ ಮಾರ್ಚಿಯಲ್ಲಿ ಕೋವಿಡ್ ಬಂದಾಗ ಇಂಡಿಗೋ ಸಂಸ್ಥೆಯ ಮುಖ್ಯಸ್ಥರು ಈ ಪ್ರಶ್ನೆ ಕೇಳಿಕೊಂಡಂತಿತ್ತು. ತಮ್ಮ ಸಂಬಳದಲ್ಲಿ ಶೇಕಡಾ 25 ಬಿಡುವುದಾಗಿಯೂ, ದರ್ಜೆ ಇಳಿದಂತೆ ಕಡಿತವೂ ಇಳಿಯುವುದಾಗಿಯೂ, ತೀರ ಕೆಳಗಿನವರಿಗೆ ಕಡಿತವೇ ಇಲ್ಲವೆಂದೂ ಪ್ರಕಟಿಸಿದರು. ಆದರೂ ಜುಲೈ ಹೊತ್ತಿಗೆ ನೂರಕ್ಕೆ ಹತ್ತು ಮಂದಿಯನ್ನು ಕೆಲಸದಿಂದ ಬಿಡಿಸುವುದಾಗಿ ಹೇಳಬೇಕಾಯಿತು. ನ್ಯಾಯದ ದಾರಿ ಹಿಡಿದ ಮಾತ್ರಕ್ಕೆ ನೋವು ತಪ್ಪುವುದಿಲ್ಲ. ಆದರೆ ಮೊದಲ ಪೆಟ್ಟನ್ನು ತಾನು ತಿಂದವನ ಮಾತನ್ನು ಜನ ಕೇಳುತ್ತಾರೆ.

ಹಾಗಾದರೆ ನಮ್ಮ ಮನೆಗಳಲ್ಲಿ? ಮನೆಯೊಡತಿ ಮೊದಲ ಕತ್ತರಿಯನ್ನು ತನಗೇ ಹಾಕಿಕೊಳ್ಳುತ್ತಾಳೆ. ಹಾಲು ಸಾಲದಿದ್ದರೆ ಅವಳಿಗೆ ಬೆಲ್ಲದ ಕರಿಕಾಫಿ. ಮಂಡಿನೋವಿಗೆ ಡಾಕ್ಟರನ್ನು ಕಾಣುವುದು ಮುಂದಿನ ಕೊಯ್ಲಿನ ನಂತರ. ಇದನ್ನು ತ್ಯಾಗವೆಂದು ನಾವೇ ಹೊಗಳಿಕೊಳ್ಳುತ್ತೇವೆ. ಕಂಪನಿಯ ಮುಖ್ಯಸ್ಥ ಬಿಟ್ಟುಕೊಟ್ಟದ್ದು ಹೆಚ್ಚಿದ್ದುದರಲ್ಲಿ, ಎಲ್ಲರಿಗೂ ತಿಳಿಯುವಂತೆ. ಇವಳು ಬಿಡುವುದು ಎಲ್ಲರಿಗಿಂತ ಕಡಿಮೆ ಇದ್ದುದರಲ್ಲಿ, ಯಾರಿಗೂ ತಿಳಿಯದಂತೆ. ಹೊರಗೆ ಅನ್ಯಾಯ ಎನಿಸುವುದು ಮನೆಯೊಳಗೆ ಪುಣ್ಯವಾಗುವುದು ಹೇಗೆ?

ಹೇಳದೆ ಮಾಡಿದ ಉಳಿತಾಯ ಯಾವ ಲೆಕ್ಕದಲ್ಲೂ ಬರೆದಿರುವುದಿಲ್ಲ. ಆದ್ದರಿಂದಲೇ ಅದನ್ನು ಯಾರೂ ಹಿಂದಿರುಗಿಸುವುದೂ ಇಲ್ಲ. 2024-25ರಲ್ಲಿ ಕಾಫಿಯ ಬೆಲೆ ದಾಖಲೆ ಮಟ್ಟಕ್ಕೆ ಏರಿತು. ಕೆಟ್ಟ ಕಾಲದಲ್ಲಿ ನಿಲ್ಲಿಸಿದ್ದನ್ನೆಲ್ಲ ಒಳ್ಳೆಯ ಕಾಲ ಬಂದಾಗ ನೆನಪಿಟ್ಟು ಮತ್ತೆ ಕೊಟ್ಟ ಮನೆ ಎಷ್ಟು, ತೋಟ ಎಷ್ಟು? ಕೂಲಿಯವಳ ಹೆಂಚನ್ನೂ ನಮ್ಮ ಮಂಡಿನೋವನ್ನೂ ಲೆಕ್ಕದ ಪುಸ್ತಕದಲ್ಲಿ ಬಾಕಿ ಎಂದೇ ಬರೆದಿಡೋಣ. ಬರೆದಿಟ್ಟದ್ದನ್ನು ಒಂದು ದಿನ ಕೇಳಲಾದರೂ ಬರುತ್ತದೆ.