ಬೇಡದ ಯೋಚನೆಯು ಪಾಪವೋ?

ಗದಗ-ಬೆಟಗೇರಿಯಿಂದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ವರೆಗೆ ಹಳ್ಳಿಹಳ್ಳಿಯಲ್ಲಿ ಬಸುರಿಯ ಬಯಕೆಯನ್ನು ಕೇಳುವವರು ಬಹು ಮಂದಿ ಇದ್ದಾರೆ. ಆಕೆಯ ಭಯವನ್ನು ಕೇಳುವವರು ಕೊಂಚವೇ. ಒಬ್ಬಾಕೆಯನ್ನು ನೆನಸಿಕೊಳ್ಳೋಣ. ಏಳು ತಿಂಗಳು ತುಂಬಿ ಕುಬಸದ ಕಾರ್ಯವೂ ಆಯಿತು. ಆದರೆ ಈಳಿಗೆಯನ್ನು ಕಂಡಾಗೆಲ್ಲಾ, ಕೂಸಿಗೆ ನಾನೇ ಕೇಡು ಮಾಡುವೆನೋ ಎಂಬ ಯೋಚನೆಯು ಆಕೆಯ ಮನಸ್ಸಿಗೆ ನುಗ್ಗುವದು. ಅದನ್ನು ತೊಲಗಿಸುವದಕ್ಕೋಸ್ಕರ ಇಪ್ಪತ್ತು ಸಾರಿ ಕೈ ತೊಳೆಯುವಳು. ಪ್ರಾರ್ಥನೆಯಲ್ಲಿ ಒಂದು ಮಾತು ತಪ್ಪಿತೆಂದು ಮೊದಲಿನಿಂದ ಪ್ರಾರ್ಥಿಸುವಳು. ಕೆಟ್ಟ ತಾಯಿ ಅನ್ನುವರೆಂದು ಅಂಜಿ ಯಾರಿಗೂ ಹೇಳಳು.

ಈಕೆ ಪಾಪಿಯೋ? ಅಲ್ಲವೆಂದು ನಾವು ಹೇಳುತ್ತೇವೆ. ಬಾಗಲಲ್ಲಿ ಬೊಗಳುವ ಬೀದಿ ನಾಯಿಯು ಮನೆಯವರದಾಗದು. ಅಡವಿಯಲ್ಲಿ ಕರ್ತನ ಮುಂದೆಯೂ ಕೆಟ್ಟ ಮಾತು ಬಂತು. ಕೇಳಿದ್ದರಿಂದ ಆತನು ಪಾಪಿಯಾಗಲಿಲ್ಲ. ಮನಸ್ಸು ಒಪ್ಪಿಕೊಂಡದ್ದೇ ಮನುಷ್ಯನದು. ಈ ತಾಯಿಯೋ ಒಪ್ಪುವದಿಲ್ಲ, ಹೇಸುತ್ತಾಳೆ. ಪ್ರೀತಿ ಇರುವದರಿಂದಲೇ ಹೇಸುತ್ತಾಳೆ. “ಯಾತ್ರಿಕನ ಸಂಚಾರ”ವನ್ನು ಬರೆದ ಬನ್ಯನನೂ, ಕ್ರಿಸ್ತನನ್ನು ಮಾರಿಬಿಡು ಎಂಬ ಯೋಚನೆಯು ತನ್ನನ್ನು ಬಹು ದಿವಸ ಕಾಡಿತೆಂದು 1666ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ತಿಳಿಸಿದ್ದಾನೆ.

ಹೀಗಿರಲಾಗಿ ಈಕೆಗೆ ದೆವ್ವ ಹಿಡಿದದೆಂದು ಎಣಿಸಬೇಡಿರಿ. ವೈದ್ಯರು ಇದನ್ನು ಗೀಳು ರೋಗವೆನ್ನುತ್ತಾರೆ. ಬಸುರಿನಲ್ಲಿಯೂ ಹೆರಿಗೆಯ ತರುವಾಯವೂ ಇದು ಹೊಸದಾಗಿ ಹುಟ್ಟಬಹುದು, ಮೊದಲಿದ್ದರೆ ಹೆಚ್ಚಬಹುದು.

ತೊಳೆದರೆ ಸಮಾಧಾನವಾಗುವದಾದರೆ ತೊಳೆಯಲಿ, ತಪ್ಪೇನು? ಎಂದು ಕೆಲವರು ಕೇಳುವರು. ಆ ಸಮಾಧಾನವು ಸಾಹುಕಾರನ ಸಾಲದ ಹಾಗೆ; ಇಂದಿನ ಕೊರತೆ ತೀರುವದು, ನಾಳೆ ಬಡ್ಡಿ ಏರುವದು. “ನಿನ್ನಿಂದ ಏನೂ ಆಗದು” ಎಂದು ಮನೆಯವರು ನೂರು ಸಾರಿ ಹೇಳುವದೂ ಹಾಗೆಯೇ. ಆದದರಿಂದ ವೈದ್ಯರು, ಅಂಜಿಕೆ ಬಂದಾಗ್ಯೂ ತೊಳೆಯದೆ ತಾಳಿಕೊಳ್ಳುವದನ್ನು ಸ್ವಲ್ಪ ಸ್ವಲ್ಪವಾಗಿ ಕಲಿಸುತ್ತಾರೆ. ಕಾಲಕ್ರಮದಲ್ಲಿ ಅಂಜಿಕೆಯು ಇಳಿಯುವದು. ಬೇಕಾದರೆ ಬಸುರಿಯರಿಗೆ ತಕ್ಕ ಔಷಧವನ್ನೂ ಕೊಡುತ್ತಾರೆ. ಅವರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಧಾರವಾಡದ ಡಿಮ್ಹಾನ್ಸಿನಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿಯೂ ಕೂಸೂ ಕೂಡಿ ಇರತಕ್ಕ ವಿಭಾಗವು 2009ರಲ್ಲಿ ಆರಂಭವಾಯಿತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416ರಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಇಲ್ಲದ ಧ್ವನಿಗಳು ಕೇಳಿಸಿದರೆ, ಇಲ್ಲವೆ ಕೇಡು ಮಾಡುವದೇ ಸರಿಯೆಂದು ಆಕೆಗೆ ತೋರಿದರೆ ಅದು ಬೇರೆ ರೋಗ; ಒಬ್ಬಳನ್ನೇ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರಕೊಂಡು ಹೋಗಿರಿ.

ಅತ್ತೆಯರೇ, ತಾಯಂದಿರೇ, ಗಂಡಂದಿರೇ, ಆಕೆ ಬಾಯಿ ತೆರೆದರೆ ಗದರಿಸಬೇಡಿರಿ, ತಾಯಿತ ಕಟ್ಟಿಸಬೇಡಿರಿ. ಹತ್ತಿರ ಕೂತು ಕೇಳಿರಿ. ಇಂಥವರಿಗೆ “ಇನ್ನೂ ಹೆಚ್ಚು ಪ್ರಾರ್ಥಿಸು” ಎಂದು ಬುದ್ಧಿ ಹೇಳಿ ಅವರ ಹೊರೆಯನ್ನು ನಾವೂ ಹೆಚ್ಚಿಸಿದ್ದುಂಟು. ಈಗಲಾದರೋ, ಒಂದೇ ಸಾರಿ ಪ್ರಾರ್ಥಿಸಿ ಆಮೆನ್ ಅಂದ ಮೇಲೆ ಎದ್ದು ರೊಟ್ಟಿ ಬಡಿಯಿರಿ ಎಂದು ಹೇಳುತ್ತೇವೆ. ತಪ್ಪಿದ ಮಾತುಗಳನ್ನು ಎಣಿಸಿ ಬಡ್ಡಿ ಕಟ್ಟುವ ಸಾಹುಕಾರನು ನಮ್ಮ ತಂದೆಯಲ್ಲ.